ಎತ್ತು ಕಲಿಸಿದ ಬಿಡುವು

ನಮ್ಮ ಹಾಲಿನ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಕೊಡಗಿನ ರಾಜರ ಚರಿತ್ರೆ, ಕಾಫಿಯ ಚರಿತ್ರೆ, ಸಹಕಾರ ಚಳವಳಿಯ ಚರಿತ್ರೆ ಇವನ್ನೆಲ್ಲಾ ಬಲ್ಲವರು ಬರೆದಿದ್ದಾರೆ. ನಮ್ಮ ಹಿರಿಯರು ಎಷ್ಟು ಕಷ್ಟಪಟ್ಟು ದುಡಿದರು ಎಂಬುದನ್ನೂ ಎಲ್ಲಾ ಸಮಾರಂಭಗಳಲ್ಲಿ ಕೇಳುತ್ತೇವೆ. ಆದರೆ ಅವರು ಯಾವಾಗ ಕೂತುಕೊಳ್ಳುತ್ತಿದ್ದರು, ಕೂತುಕೊಳ್ಳಲು ಅವರಿಗೆ ಅಪ್ಪಣೆ ಕೊಡುತ್ತಿದ್ದವರು ಯಾರು, ಆ ಅಪ್ಪಣೆ ಈಗ ಎಲ್ಲಿ ಹೋಯಿತು ಎಂಬ ವಿಚಾರ ಮಾತ್ರ ಯಾರ ಭಾಷಣದಲ್ಲೂ ಬರುವುದಿಲ್ಲ. ಆದ್ದರಿಂದ ಬಿಡುವಿನ ಚರಿತ್ರೆಯನ್ನೇ ಬರೆಯೋಣ ಎಂದು ಹೊರಟಿದ್ದೇವೆ.

ಇದು ಕೆಲಸಕ್ಕೆ ಬಾರದ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಈಗ ನಮ್ಮ ಊರುಗಳಲ್ಲಿ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಒಬ್ಬ ಕೂತಿದ್ದರೆ ದಾರಿಯಲ್ಲಿ ಹೋಗುವವರು ಏನು ಕೇಳ್ತಾರೆ? "ಎಂತ ಮಾರಾಯ, ಇವತ್ತು ಕೆಲಸ ಇಲ್ಲವಾ?" ಕೂತವನು ಕೂಡಲೇ ಎದ್ದು ನಿಂತು ಒಂದು ನೆಪ ಹೇಳ್ತಾನೆ. ಸೊಂಟ ನೋವು, ಕರೆಂಟ್ ಇಲ್ಲ, ಆಳು ಬರಲಿಲ್ಲ, ಹೀಗೆ ಏನಾದರೂ ಒಂದು. "ದುಡಿದು ಸಾಕಾಯಿತು, ಕೂತಿದ್ದೇನೆ" ಎಂದು ನೇರವಾಗಿ ಹೇಳುವವರು ಬಹಳ ಅಪರೂಪ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು, ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗಳನ್ನು ಕೇಳಿ ಬೆಳೆದವರು ನಾವೆಲ್ಲ. ಆ ಗಾದೆಗಳು ಸುಳ್ಳಲ್ಲ. ಆದರೆ ಅವುಗಳನ್ನು ಕಟ್ಟಿದ ಕಾಲದಲ್ಲಿ ಇನ್ನೊಂದು ಕಡೆಯಿಂದ ಕಡಿವಾಣ ಹಾಕುವ ಒಂದು ಜೀವ ಪ್ರತಿ ಮನೆಯಲ್ಲೂ ಇತ್ತು. ಅದು ಕೊಟ್ಟಿಗೆಯ ಎತ್ತು.

ಎತ್ತಿನ ಗಡಿಯಾರ

ಕೊಡಗಿನ ಬೇಸಾಯ ಮಳೆ ನಂಬಿದ ಬೇಸಾಯ. ಏಪ್ರಿಲ್ ಮಧ್ಯದಲ್ಲಿ ಎಡಮ್ಯಾರ್ ಒಂದರಂದು, ಅಂದರೆ ಬಿಸು ಸಂಕ್ರಮಣದ ದಿನ, ಗದ್ದೆಯಲ್ಲಿ ಹೊಸ ವರ್ಷದ ಮೊದಲ ಉಳುಮೆ. ಆ ಮೇಲೆ ಜೂನ್‌ನಲ್ಲಿ ಮುಂಗಾರು ಹಿಡಿದ ನಂತರ ಕೆಸರು ಉಳುಮೆ, ಹಲಗೆ ಹೊಡೆದು ಮಟ್ಟ ಮಾಡುವುದು, ಜುಲೈ ಆಗಸ್ಟ್‌ನಲ್ಲಿ ನಾಟಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳು ಅತಿ ಹೆಚ್ಚು ಮಳೆಯ, ಅತಿ ಹೆಚ್ಚು ಕೆಲಸದ ತಿಂಗಳು. ಆ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ. ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಕುಡಿದು ಮತ್ತೆ ಗದ್ದೆಗೆ ಇಳಿಯುವುದೇ.

ಇಷ್ಟೊಂದು ಕೆಲಸವಿದ್ದರೂ ಒಂದು ದಿನದಲ್ಲಿ ಎಷ್ಟು ಉಳಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಮನುಷ್ಯನಲ್ಲ. ಬೆಳಕು ಹರಿಯುವ ಮೊದಲು ನೊಗ ಕಟ್ಟಿದರೆ ಹೊತ್ತು ಏರುವಾಗ ಎತ್ತಿನ ನಡಿಗೆ ನಿಧಾನವಾಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಸಾಲಿನ ತುದಿಯಲ್ಲಿ ತಿರುಗದೆ ನಿಂತುಬಿಡುತ್ತದೆ. ಆಗ ನೊಗ ಇಳಿಸಲೇಬೇಕು. ಹೊಡೆದು ಉಳಿಸಿದರೆ ನಾಳೆ ಏಳುವುದಿಲ್ಲ. ಜೋಡಿ ಎತ್ತು ಎಂದರೆ ಆ ಮನೆಯ ಬಂಡವಾಳ. ಒಂದು ಮಲಗಿದರೆ ಆ ವರ್ಷದ ನಾಟಿಯೇ ಹೋಯಿತು. ಹಾಗಾಗಿ ಎಷ್ಟೇ ಅವಸರದ ಯಜಮಾನನಾದರೂ ಎತ್ತು ನಿಂತಾಗ ತಾನೂ ನಿಲ್ಲುತ್ತಿದ್ದ. ಎತ್ತು ಮೇಯುವಾಗ, ಮೆಲುಕು ಹಾಕುವಾಗ, ಉತ್ತವನು ಗಂಜಿ ಕುಡಿದು ವೀಳ್ಯ ಹಾಕಿ ಏರಿಯ ಮೇಲೆ ಕೂರುತ್ತಿದ್ದ. ಅವನನ್ನು ಸೋಮಾರಿ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಎತ್ತಿಗೆ ಬಿಡುವು ಕೊಟ್ಟಿದ್ದಾನೆ, ಅಷ್ಟೇ.

ಮೈಸೂರು, ಹಾಸನ ಕಡೆಯ ರೈತರಲ್ಲಿ ಸೋಮವಾರ ಎತ್ತು ಹೂಡಬಾರದು ಎಂಬ ಕಟ್ಟಳೆ ಇತ್ತು. ಅದು ಶಿವನ ವಾರ, ಬಸವಣ್ಣನ ವಾರ. ಕಾರಣ ದೇವರದ್ದಾದರೂ ಫಲ ಎತ್ತಿಗೂ ಸಿಕ್ಕಿತು, ಎತ್ತಿನ ಹಿಂದೆ ನಡೆಯುವವನಿಗೂ ಸಿಕ್ಕಿತು. ಕ್ರೈಸ್ತರ, ಯೆಹೂದ್ಯರ ಧರ್ಮಗ್ರಂಥದಲ್ಲೂ ಏಳನೆಯ ದಿನದ ವಿಶ್ರಾಂತಿಯ ಕಟ್ಟಳೆ ಹೇಳುವಾಗ ಎತ್ತು ಕತ್ತೆಗಳನ್ನು ಹೆಸರು ಹೇಳಿ ಸೇರಿಸಲಾಗಿದೆ. ಎಲ್ಲಾ ಕಡೆಯ ಬೇಸಾಯದವರಿಗೂ ಒಂದು ವಿಷಯ ಗೊತ್ತಿತ್ತು: ಮನುಷ್ಯನಿಗೆ ಮಾತ್ರ ರಜೆ ಎಂದರೆ ಅವನು ಕೇಳುವುದಿಲ್ಲ, ಎತ್ತಿನ ನೆಪ ಹೇಳಿದರೆ ಕೇಳ್ತಾನೆ.

ಕೈಲ್ ಮುಹೂರ್ತದ ಅರ್ಥ

ನಮ್ಮ ಕೊಡಗಿನಲ್ಲಿ ಈ ಬಿಡುವಿಗೆ ಒಂದು ದೊಡ್ಡ ಹಬ್ಬವೇ ಉಂಟು. ಕೈಲ್ ಪೊಳ್ದ್, ಕನ್ನಡದಲ್ಲಿ ಕೈಲ್ ಮುಹೂರ್ತ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುತ್ತದೆ. ಹೊರಗಿನವರು ಇದನ್ನು ಕೋವಿ ಪೂಜೆ, ಕಡಂಬುಟ್ಟು, ಹಂದಿ ಸಾರು ಎಂದಷ್ಟೇ ತಿಳಿದಿದ್ದಾರೆ. ಕೋವಿಗೆ ತೋಕ್ ಪೂ ಸಿಕ್ಕಿಸುವುದು ನಿಜ. ಆದರೆ ಹಬ್ಬ ಬರುವ ಹೊತ್ತನ್ನು ಗಮನಿಸಬೇಕು. ನಾಟಿ ಮುಗಿದ ಮೇಲೆಯೇ ಅದು ಬರುತ್ತದೆ. ಅಂದು ನೇಗಿಲು, ನೊಗ, ಗುದ್ದಲಿ, ಕತ್ತಿ ಎಲ್ಲವನ್ನೂ ತೊಳೆದು ಇಟ್ಟು ಪೂಜೆ ಮಾಡುವುದು. ಎತ್ತುಗಳ ಮೈ ತೊಳೆದು, ಹೊಟ್ಟೆ ತುಂಬಾ ತಿನ್ನಿಸುವುದು. ಅಲ್ಲಿಗೆ ಆ ವರ್ಷದ ಉಳುಮೆ ಮುಗಿಯಿತು ಎಂದು ಅರ್ಥ. ನಾಟಿಯ ಕಾಲದಲ್ಲಿ ಮೂಲೆ ಸೇರಿದ್ದ ಕೋವಿ ಅಂದಿನಿಂದ ಮತ್ತೆ ಕೈಗೆ ಬರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯಲ್ಲೂ ಈ ಹಬ್ಬಕ್ಕೆ ಸ್ಥಾನ ಉಂಟು.

ಇದರಲ್ಲಿ ನಾವು ಗಮನಿಸಬೇಕಾದ ಸಂಗತಿ ಏನೆಂದರೆ, ಬಿಡುವನ್ನು ನಮ್ಮ ಹಿರಿಯರು ಕೆಲಸದ ಕೊರತೆ ಎಂದು ತಿಳಿಯಲಿಲ್ಲ, ಕೆಲಸದ ಕೊನೆಯ ಭಾಗ ಎಂದು ತಿಳಿದರು. ಉಳುಮೆ, ನಾಟಿ, ಕೈಲ್ ಪೊಳ್ದ್, ಪುತ್ತರಿ, ಇವೆಲ್ಲ ಒಂದೇ ಸರಪಳಿ. ಹಾಗೆಯೇ ಊರಿನ ಭಗವತಿ ಹಬ್ಬಕ್ಕೆ ಕಟ್ಟು ಬಿತ್ತೆಂದರೆ ಹಸಿ ಮರ ಕಡಿಯುವ ಹಾಗಿಲ್ಲ. ಒಬ್ಬನೇ ಕೂತರೆ ತಪ್ಪು ಅನ್ನಿಸಬಹುದು. ಊರಿಗೆ ಊರೇ ಕೂತರೆ ಯಾರಿಗೂ ಹಾಗನ್ನಿಸುವುದಿಲ್ಲ.

ಬಿಡುವು ಸಿಗದವರು

ಹಾಗೆಂದು ಹಳೆಯ ಕಾಲವೆಲ್ಲಾ ಚಿನ್ನ ಎಂದು ಬರೆದರೆ ಚರಿತ್ರೆಗೆ ದ್ರೋಹ ಮಾಡಿದ ಹಾಗೆ. ರಾಜರ ಕಾಲದಲ್ಲಿ ಗದ್ದೆ ಕೆಲಸದ ದೊಡ್ಡ ಭಾರ ಯರವರೇ ಮೊದಲಾದ ಜೀತದ ಜನರ ಹೆಗಲ ಮೇಲಿತ್ತು. ಜಮ್ಮಾ ಗದ್ದೆಯ ಯಜಮಾನನಿಗೆ ಎತ್ತು ಬಿಡುವು ಕೊಡುತ್ತಿತ್ತು. ಆದರೆ ಎತ್ತು ಬಿಟ್ಟ ಮೇಲೆ ಅದನ್ನು ತೊಳೆಯಬೇಕಾದವನು, ಹುಲ್ಲು ತರಬೇಕಾದವನು ಆ ಆಳು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಮಾಡಿಕೊಂಡರು. 1843ರಲ್ಲಿ ಕಂಪನಿ ಸರಕಾರ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲದ ಹಾಗೆ ಕಾಯ್ದೆ ಮಾಡಿತು. ಆದರೂ ಸಾಲದ ಜೀತ ಉಳಿದುಕೊಂಡಿತು. ಜೀತ ನಿರ್ಮೂಲನ ಕಾಯ್ದೆ ಬಂದದ್ದು 1976ರಲ್ಲಿ. ಎತ್ತಿಗೆ ಸಿಕ್ಕ ಬಿಡುವು ಅದನ್ನು ಮೇಯಿಸಿದವನಿಗೆ ಸಿಗಲು ಇಷ್ಟು ಕಾಲ ಬೇಕಾಯಿತು. ಬಿಡುವಿನ ಬಗ್ಗೆ ಮಾತಾಡುವಾಗ ಯಾರ ಬಿಡುವು ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಗಂಟೆ ಹೊಡೆದ ಕಾಲ

1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿ ಹತ್ತಿರ ಕಾಫಿ ತೋಟ ತೆರೆದ. ಅಲ್ಲಿಂದ ಯುರೋಪಿಯನ್ ತೋಟಗಳ ಕಾಲ ಶುರು. ತೋಟದ ಜೊತೆಗೆ ಕೊಡಗಿಗೆ ಗಂಟೆ, ಮಸ್ಟರು, ಮೇಸ್ತ್ರಿ, ರೈಟರು ಬಂದರು. ಬೆಳಿಗ್ಗೆ ಗಂಟೆ ಹೊಡೆದಾಗ ಹೆಸರು ಕರೆಯುವುದು, ಸಾಯಂಕಾಲ ಗಂಟೆ ಹೊಡೆದಾಗ ಬಿಡುವುದು. ನಡುವಿನ ಸಮಯವೆಲ್ಲ ಧಣಿ ದುಡ್ಡು ಕೊಟ್ಟು ಕೊಂಡ ಸಮಯ. ಗಿಡದ ಬುಡದಲ್ಲಿ ಕೂತವನು ಆಗ ಕಳ್ಳನ ಹಾಗೆ ಕಾಣತೊಡಗಿದ. ನಮ್ಮ ತಿಳುವಳಿಕೆಯ ಪ್ರಕಾರ ಕೂತರೆ ಏನೋ ಕದ್ದ ಹಾಗೆ ಆಗುವ ಭಾವನೆ ನಮ್ಮ ಸೀಮೆಯಲ್ಲಿ ಬಲವಾಗಿ ಬೇರು ಬಿಟ್ಟಿದ್ದು ಅಲ್ಲಿಂದ. ಮೊದಲು ಅದು ತೋಟದ ಆಳಿಗೆ ಹಿಡಿಯಿತು. ಆ ಮೇಲೆ ನಮ್ಮವರೇ ಕಾಫಿ ಹಾಕಿದಾಗ ಯಜಮಾನನಿಗೂ ಹಿಡಿಯಿತು. ಈಗ ಸ್ವಂತ ತೋಟದಲ್ಲಿ ಸ್ವಂತ ಸಮಯದಲ್ಲಿ ಕೂತವನೂ ಯಾರೋ ಮೇಸ್ತ್ರಿ ನೋಡುತ್ತಿದ್ದಾನೆ ಎಂಬ ಹಾಗೆ ಎದ್ದು ನಿಲ್ಲುತ್ತಾನೆ.

ಗಂಟೆಯ ಕೆಳಗೆ ದುಡಿದವರು ಸುಮ್ಮನಿರಲಿಲ್ಲ. ಬೊಂಬಾಯಿಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜೆ ಕೊಡಿಸಿದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. 5 ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕು ಎಂದಿತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ನಮ್ಮ ತೋಟಗಳಿಗೂ ವಾರದ ರಜೆ ತಂದಿತು. ಅದರಲ್ಲಿ ಮೊದಲು ವಾರಕ್ಕೆ 54 ಗಂಟೆ ಇದ್ದುದನ್ನು 1981ರಲ್ಲಿ 48ಕ್ಕೆ ಇಳಿಸಿದರು.

ಇನ್ನೊಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಭಾರ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರಕಾರ 1965ರಲ್ಲಿ ಮಾಡಿದ ನಿಯಮ ಅದು. ಅದರ ಪ್ರಕಾರ ಗಾಡಿ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. 37 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಿನ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಮನುಷ್ಯನಿಗೆ ಬರೆದ 9 ಮತ್ತು 5, ಎತ್ತಿಗೂ ಅದೇ 9 ಮತ್ತು 5! ಕಾನೂನಿನ ಕಣ್ಣಲ್ಲಿ ಕಾರ್ಖಾನೆಯ ಕೆಲಸಗಾರನೂ ಗಾಡಿ ಎತ್ತೂ ದಣಿಯುವ ಜೀವಗಳೇ. ಆದರೆ ಸ್ವಂತ ಜಮೀನಿನಲ್ಲಿ ದುಡಿಯುವ ರೈತನಿಗೆ, ಅವನ ಮನೆಯವಳಿಗೆ ಇಂಥ ಯಾವ ಕಾಯ್ದೆಯೂ ಇರಲಿಲ್ಲ. ಅವರಿಗೆ ಇದ್ದ ಒಂದೇ ಕಾಯ್ದೆ ಎಂದರೆ ಎತ್ತು.

ಟಿಲ್ಲರ್ ಬಂದ ಮೇಲೆ

ಆ ಕಾಯ್ದೆಯೂ ನಿಧಾನವಾಗಿ ರದ್ದಾಯಿತು. ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪನಿ 1967ರಲ್ಲಿ ಶುರುವಾಗಿ ಜಪಾನಿನ ಮಿತ್ಸುಬಿಷಿ ಮಾದರಿಯ ಪವರ್ ಟಿಲ್ಲರ್ ತಂದಿತು. ಕೇರಳದಲ್ಲಿ 1973ರಲ್ಲಿ ಕಾಮ್ಕೊ ಬಂತು. ಬರಬರುತ್ತಾ ನಮ್ಮ ಗದ್ದೆಗಳಲ್ಲೂ ಟಿಲ್ಲರಿನ ಸದ್ದು ಕೇಳತೊಡಗಿತು, ಕೊಟ್ಟಿಗೆಯಲ್ಲಿ ಎತ್ತಿನ ಗೂಟ ಖಾಲಿಯಾಯಿತು.

ಟಿಲ್ಲರನ್ನು ನಾವು ದೂರುವುದಿಲ್ಲ. ಜೋಡಿ ಎತ್ತು ದಿನಗಟ್ಟಲೆ ಉಳುವುದನ್ನು ಅದು ಗಂಟೆಗಳಲ್ಲಿ ಮುಗಿಸುತ್ತದೆ. ಎತ್ತು ಸಾಕುವ ಖರ್ಚು, ಆಳಿನ ಅಭಾವ ಎರಡೂ ಗೊತ್ತಿರುವವರು ಯಾರೂ ಹಿಂದಕ್ಕೆ ಹೋಗೋಣ ಎನ್ನಲಾರರು. ಆದರೆ ಉಳಿದ ಸಮಯ ಎಲ್ಲಿ ಹೋಯಿತು? ಟಿಲ್ಲರಿಗೆ ಬಾಯಲ್ಲಿ ನೊರೆ ಬರುವುದಿಲ್ಲ. ಡೀಸೆಲ್ ಹಾಕಿದರೆ ಮತ್ತೆ ಹೊರಟಿತು, ಹೆಡ್‌ಲೈಟ್ ಹಾಕಿದರೆ ರಾತ್ರಿಯೂ ಉಳುತ್ತದೆ. ಬಾಡಿಗೆ ಟಿಲ್ಲರ್ ಆದರೆ ಮೀಟರ್ ಓಡುತ್ತಿರುವಾಗ ನಿಲ್ಲಿಸಲು ಮನಸ್ಸೂ ಬರುವುದಿಲ್ಲ. ನೊಗ ಇಳಿಸಿದಾಗ ತಾನಾಗಿ ಸಿಗುತ್ತಿದ್ದ ಬಿಡುವನ್ನು ಈಗ ನಾವೇ ನಿರ್ಧಾರ ಮಾಡಿ ತೆಗೆದುಕೊಳ್ಳಬೇಕು. ನಾವೇ ತೆಗೆದುಕೊಂಡಾಗ ತಪ್ಪು ಮಾಡಿದ ಹಾಗೆ ಆಗುತ್ತದೆ. ಕೈಲ್ ಪೊಳ್ದ್ ದಿನ ಈಗ ಟಿಲ್ಲರ್ ತೊಳೆದು ಹೂ ಇಡುತ್ತೇವೆ, ಒಳ್ಳೆಯದೇ. ಆದರೆ ಅದಕ್ಕೆ ಹೂ ಇಟ್ಟ ಮೇಲೆ ನಾವೂ ಕೂರುವುದನ್ನು ಮರೆಯಬಾರದು.

ಮೆಲುಕಿನ ಲೆಕ್ಕ

ಪಶುಗಳ ಬಿಡುವು ಸೋಮಾರಿತನವಲ್ಲ ಎಂಬುದಕ್ಕೆ ಹಾಲಿನ ಸಂಘದ ಸದಸ್ಯರಾದ ನಮಗೆ ಪುಸ್ತಕ ಬೇಕಿಲ್ಲ, ಕೊಟ್ಟಿಗೆಯೇ ಸಾಕು. ಹಸು ದಿನದ 24 ಗಂಟೆಯಲ್ಲಿ ಸುಮಾರು 12 ಗಂಟೆ ಮಲಗಿರುತ್ತದೆ. ಏಳೆಂಟು ಗಂಟೆ ಮೆಲುಕು ಹಾಕುತ್ತದೆ, ಅದರಲ್ಲೂ ಹೆಚ್ಚಿನದು ಮಲಗಿಕೊಂಡೇ. ಹುಲ್ಲು ಜೀರ್ಣವಾಗುವುದು ಮೆಲುಕಿನಿಂದ. ಮಲಗಿದಾಗ ಕೆಚ್ಚಲಿಗೆ ರಕ್ತದ ಹರಿವು ಹೆಚ್ಚುತ್ತದೆ. ಎಂದರೆ ಕಣ್ಣು ಅರ್ಧ ಮುಚ್ಚಿ ಏನೂ ಮಾಡದ ಹಾಗೆ ಮಲಗಿರುವಾಗಲೇ ಅದು ನಮ್ಮ ಕ್ಯಾನಿನ ಹಾಲು ತಯಾರು ಮಾಡುತ್ತಿರುತ್ತದೆ. ಕೊಟ್ಟಿಗೆಯ ನೆಲ ಒದ್ದೆಯಾಗಿ ಹಸು ಮಲಗದೆ ನಿಂತೇ ಇದ್ದರೆ ಹಾಲು ಇಳಿಯುತ್ತದೆ ಎಂದು ಪಶುವೈದ್ಯರು ಹೇಳುವುದು ಇದಕ್ಕೇ.

ಇದಕ್ಕಿಂತ ದೊಡ್ಡ ಪಾಠ ಹಾಲು ಬತ್ತಿಸುವುದು. ಗಬ್ಬದ ಹಸುವಿಗೆ ಕರು ಹಾಕುವ ಮೊದಲು ಸುಮಾರು 60 ದಿನ ಕರೆಯುವುದನ್ನು ನಿಲ್ಲಿಸಬೇಕು. ಎರಡು ತಿಂಗಳ ಹಾಲಿನ ದುಡ್ಡು ಹೋಯಿತಲ್ಲಾ ಎಂದು ಹೊಟ್ಟೆ ಉರಿದುಕೊಂಡು ಕರೆದವರಿಗೆ ಮುಂದಿನ ಸೂಲಿನಲ್ಲಿ ಐದನೇ ಒಂದು ಪಾಲಿಗೂ ಮಿಕ್ಕಿ ಹಾಲು ಕಡಿಮೆಯಾಗಬಹುದು. ಕೆಚ್ಚಲು ಹೊಸದಾಗಲು ಆ ದಿನಗಳು ಬೇಕು. ಬಿಡುವು ನಷ್ಟವಲ್ಲ, ಮುಂದಿನ ಸೂಲಿನ ಮುಂಗಡ.

ಜೇನುನೊಣವನ್ನು ನಾವು ಬಿಡುವಿಲ್ಲದ ದುಡಿಮೆಗೆ ಉದಾಹರಣೆ ಕೊಡುತ್ತೇವೆ. ಜರ್ಮನಿಯ ಲಿಂಡಾವರ್ ಎಂಬ ವಿಜ್ಞಾನಿ 1952ರಲ್ಲಿ ಒಂದೇ ಒಂದು ಕೆಲಸದ ನೊಣಕ್ಕೆ ಗುರುತು ಹಾಕಿ ಸುಮಾರು 177 ಗಂಟೆ ಗೂಡಿನೊಳಗೆ ಅದರ ಬೆನ್ನು ಹತ್ತಿ ನೋಡಿದರು. ಅದರಲ್ಲಿ 69 ಗಂಟೆಯಷ್ಟು ಕಾಲ ಆ ನೊಣ ಸುಮ್ಮನೆ ಕೂತಿತ್ತು! ಕೊಡಗಿನ ಜೇನು ಎಂದು ಹೆಸರಾದದ್ದು ಹಾಗೆ ಕೂತು ಎದ್ದ ನೊಣಗಳ ದುಡಿಮೆಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಹೂವಿಲ್ಲದಾಗ ಅವು ಪೆಟ್ಟಿಗೆಯೊಳಗೇ ಇರುತ್ತವೆ. ಸಕ್ಕರೆ ಪಾಕ ಕೊಟ್ಟು ಸಾಕಿದವನೇ ಮುಂದೆ ತುಪ್ಪ ತೆಗೆಯುತ್ತಾನೆ.

ಇನ್ನು ಆನೆ. ಕುಶಾಲನಗರದ ಹತ್ತಿರ ಕಾವೇರಿ ದಂಡೆಯ ದುಬಾರೆ, ನಾಗರಹೊಳೆ ಕಡೆಯ ಮತ್ತಿಗೋಡು ಇವು ನಮ್ಮ ಜಿಲ್ಲೆಯ ಆನೆ ಶಿಬಿರಗಳು. ಹೊಳೆಯಲ್ಲಿ ಮೈ ತೊಳೆಸಿಕೊಂಡು, ರಾಗಿ ಮುದ್ದೆ ತಿಂದ ಆನೆಗಳನ್ನು ಆಮೇಲೆ ಕಾಡಿಗೆ ಮೇಯಲು ಬಿಡುತ್ತಾರೆ. ಜೇನುಕುರುಬರ ಮಾವುತರು ಬೆಳಿಗ್ಗೆ ಹೋಗಿ ಹುಡುಕಿ ತರುತ್ತಾರೆ. ಇಷ್ಟು ದೊಡ್ಡ ಪ್ರಾಣಿಯೂ ರಾತ್ರಿ ತನ್ನ ಪಾಡಿಗೆ ತಾನು ಇರಬೇಕು ಎಂಬುದು ಅವರಿಗೆ ಗೊತ್ತು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನಿಗೆ 60 ದಾಟಿತೆಂದು ಆ ಭಾರ ಇಳಿಸಿ, 2020ರಿಂದ ಮತ್ತಿಗೋಡಿನ ಅಭಿಮನ್ಯುವಿಗೆ ಕೊಟ್ಟರು. ಆದರೆ ಅರ್ಜುನನಿಗೆ ಪೂರ್ತಿ ಬಿಡುವು ಸಿಗಲಿಲ್ಲ. ಕಾಡಾನೆ ಹಿಡಿಯುವ ಕೆಲಸ ಮುಂದುವರಿಯಿತು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಅಂಥ ಕಾರ್ಯಾಚರಣೆಯಲ್ಲಿ ಕಾಡಾನೆಯ ತಿವಿತಕ್ಕೆ ಅದು ಸತ್ತಿತು. ನಾಡಿಗೆ ನಾಡೇ ಕಣ್ಣೀರು ಹಾಕಿತು. ದುಡಿದು ಮುಗಿಸಿದ ಜೀವಕ್ಕೆ ನಿಜವಾಗಿ ಬಿಡುವು ಕೊಡಬೇಕಿತ್ತು ಎಂದು ಅಂದು ಎಲ್ಲರೂ ಹೇಳಿದರು. ನಮ್ಮ ಮನೆಯ ಹಿರಿಯರ ವಿಷಯದಲ್ಲೂ ಆ ಮಾತನ್ನು ಅವರು ಇರುವಾಗಲೇ ನೆನೆದರೆ ಒಳ್ಳೆಯದು.

ಹಾಲು ಕರೆಯುವ ಕೈಗೆ ರಜೆ

ಈಗ ಮೊದಲು ಕೇಳಿದ ಪ್ರಶ್ನೆ: ಯಾರ ಬಿಡುವು? ಕರ್ನಾಟಕದ ಮೊದಲ ಡೈರಿ 1955ರಲ್ಲಿ ನಮ್ಮ ಕೊಡಗಿನ ಕೂಡಿಗೆಯಲ್ಲೇ ಆರಂಭವಾಯಿತು ಎಂಬುದು ನಮಗೆಲ್ಲ ಹೆಮ್ಮೆ. 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹಾಲಿನ ಸಂಘಗಳು ಹುಟ್ಟಿದವು. ಎತ್ತು ಹೋದ ಕೊಟ್ಟಿಗೆಗೆ ಸೀಮೆಹಸು ಬಂತು, ಮನೆಗೆ ನಾಲ್ಕು ಕಾಸು ಬಂತು. ಆದರೆ ಹಸು ಬೆಳಿಗ್ಗೆ ಸಂಜೆ ಎರಡು ಹೊತ್ತು ಕರೆಯಬೇಕಾದ ಪ್ರಾಣಿ. ವರ್ಷಕ್ಕೆ 365 ದಿನ, 730 ಸಲ. ಕೈಲ್ ಪೊಳ್ದ್ ದಿನವೂ, ಪುತ್ತರಿ ದಿನವೂ, ಮಗಳ ಮದುವೆಯ ದಿನವೂ ಕರೆಯಲೇಬೇಕು. ಕರೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರು. ಎತ್ತು ಗಂಡಸಿಗೆ ಬಿಡುವು ಕೊಟ್ಟಿತು, ಹಸು ಹೆಂಗಸಿಗೆ ಕೊಡಲಿಲ್ಲ. ಹಸುವನ್ನು 60 ದಿನ ಬತ್ತಿಸುವ ನಾವು ಅದನ್ನು ಕರೆಯುವ ಕೈಗೆ ವರ್ಷದಲ್ಲಿ 6 ದಿನವಾದರೂ ಬಿಡುವು ಕೊಟ್ಟಿದ್ದೇವೆಯೇ? ತವರಿಗೆ ಹೋದವಳು ಸಂಜೆಯ ಹಾಲಿಗೆ ಓಡಿ ಬರುವುದನ್ನು ನಾವೆಲ್ಲ ಕಂಡಿದ್ದೇವೆ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಫಿನ್ಲೆಂಡ್ ದೇಶದಲ್ಲಿ 1970ರ ದಶಕದಿಂದ ಹೈನುಗಾರರಿಗೆ ಕಾನೂನಿನ ಪ್ರಕಾರವೇ ವಾರ್ಷಿಕ ರಜೆಯ ವ್ಯವಸ್ಥೆ ಉಂಟು. ಅದೀಗ ವರ್ಷಕ್ಕೆ 26 ದಿನದವರೆಗೆ ಬೆಳೆದಿದೆ. ಆ ದಿನಗಳಲ್ಲಿ ಬದಲಿ ಕೆಲಸಗಾರ ಬಂದು ಹಸು ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಅಷ್ಟು ದುಡ್ಡಿಲ್ಲ. ಆದರೆ ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತಲ್ಲ? ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದನ್ನೇ ಕೊಟ್ಟಿಗೆಗೂ ತರಬಹುದು. ಅಕ್ಕಪಕ್ಕದ ಎರಡು ಮನೆ ಒಂದು ಜೋಡಿ. ತಿಂಗಳಿಗೆ ಒಂದು ದಿನ ಈ ಮನೆಯ ಹಸು ಆ ಮನೆಯವರು, ಇನ್ನೊಂದು ದಿನ ಆ ಮನೆಯ ಹಸು ಈ ಮನೆಯವರು ಕರೆದು ಡೈರಿಗೆ ಹಾಕುವುದು. ಹಾಲು ಹಸುವಿನ ಮಾಲೀಕರ ಲೆಕ್ಕಕ್ಕೇ ಹೋಗುವುದು. ಹೊಸ ಕೈಗೆ ಹಸು ಸೊರೆ ಬಿಡುವುದಿಲ್ಲ ಎಂಬುದು ನಿಜ. ಆದ್ದರಿಂದ ಮೊದಲು ನಾಲ್ಕು ದಿನ ಇಬ್ಬರೂ ಒಟ್ಟಿಗೆ ನಿಂತು ಅಭ್ಯಾಸ ಮಾಡಿಸಬೇಕು. ಗಂಡಸರು ಕರೆಯಲು ಕಲಿತರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಕ್ಯಾನು ಹೊರುವುದು ಗೊತ್ತಿರುವವರಿಗೆ ಕೆಚ್ಚಲು ತೊಳೆಯುವುದೇನು ದೊಡ್ಡದಲ್ಲ. ಈ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ಸದಸ್ಯರು ಚರ್ಚೆಗೆ ತೆಗೆದುಕೊಳ್ಳಬೇಕೆಂದು ನಮ್ಮ ವಿನಂತಿ.

ಸಹಕಾರ ಎಂದರೆ ಸಾಲ, ಗೊಬ್ಬರ, ಹಾಲಿನ ರೇಟು ಇಷ್ಟೇ ಅಲ್ಲ. ಒಬ್ಬರು ಕೂತಾಗ ಇನ್ನೊಬ್ಬರು ನಿಲ್ಲುವುದೂ ಸಹಕಾರವೇ. ಹಿಂದೆ ಎತ್ತು ನಿಂತು ನಮಗೆ ಬಿಡುವು ಕೊಡಿಸಿತು. ಎತ್ತು ಇಲ್ಲದ ಈ ಕಾಲದಲ್ಲಿ ಆ ಕೆಲಸವನ್ನು ನೆರೆಹೊರೆಯವರು ಮಾಡಬೇಕು, ಸಂಘ ಮಾಡಬೇಕು. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಸಂಘದ ಹಾಲು ಹೆಚ್ಚಲಿ, ಲಾಭ ಹೆಚ್ಚಲಿ, ಅದರ ಜೊತೆಗೆ ಜಗಲಿಯಲ್ಲಿ ಕೂತ ತಾಯಂದಿರನ್ನು ಕಂಡರೆ "ಇವತ್ತು ಕೆಲಸ ಇಲ್ಲವಾ ಅಕ್ಕ?" ಎಂದು ಕೇಳದೆ, ಎರಡು ನಿಮಿಷ ಅವರ ಹತ್ತಿರ ಕೂತು ಹೋಗುವ ಅಭ್ಯಾಸವೂ ನಮ್ಮ ಊರಿನಲ್ಲಿ ಹೆಚ್ಚಲಿ ಎಂದು ಹಾರೈಸುತ್ತೇವೆ.